ಅಂಗೈಯೊಳಗ ಆಟ ಇಟ್ಟವರು: ಗುನ್ಪೇ ಯೊಕೊಯಿ

 

ಮಹನೀಯರ ಜೀವನ ಎಂಬ ಈ ಅಂಕಣದಲ್ಲಿ ಹೋದ ಸಂಚಿಕೆಗಳಲ್ಲಿ ಬಸವಣ್ಣನವರು, ಸರ್ ಎಂ. ವಿಶ್ವೇಶ್ವರಯ್ಯನವರು, ಮೇಡಂ ಕ್ಯೂರಿ ಬಂದು ಹೋದರು. ಈ ಸಲ ನಾನು ಆರಿಸಿಕೊಂಡಿರುವುದು ಜಪಾನ್ ದೇಶದ ಗುನ್ಪೇ ಯೊಕೊಯಿ ಅವರನ್ನು. ಹೆಸರು ಕೇಳಿ ಯಾರಪ್ಪಾ ಇವರು ಅನ್ನಬೇಡಿ. ಮಾರಿಯೋ ಗೊತ್ತಿಲ್ಲದವರು ನಮ್ಮ ತರಗತಿಯಲ್ಲಿ ಒಬ್ಬರೂ ಇಲ್ಲ. ತಲೆಗೆ ಟೊಪ್ಪಿಗೆ, ದಪ್ಪ ಮೀಸೆ, ಜಿಗಿದು ಜಿಗಿದು ನಾಣ್ಯ ಹಿಡಿಯುವವನು. ಆ ಮಾರಿಯೋನ ಓಟದ ಆಟವನ್ನು ಟಿವಿಯಿಂದ ಇಳಿಸಿ ಮಕ್ಕಳ ಅಂಗೈಯಲ್ಲಿ ಇಟ್ಟವರು ಇವರು. ಆ ಆಟದ ಹೆಸರು ಸೂಪರ್ ಮಾರಿಯೋ ಲ್ಯಾಂಡ್, ಬಂದದ್ದು 1989ರಲ್ಲಿ. ಅದು ಓಡುತ್ತಿದ್ದ ಯಂತ್ರದ ಹೆಸರು ಗೇಮ್ ಬಾಯ್.

ಆಟದ ಸಾಮಾನು ಮಾಡಿದವರ ಚರಿತ್ರೆ ಈ ಅಂಕಣಕ್ಕೆ ಯಾಕೆ ಎಂದು ನಮ್ಮ ಸಂಪಾದಕ ಮಂಡಳಿಯಲ್ಲೇ ಇಬ್ಬರು ಕೇಳಿದರು. ಮೊದಲೇ ಹುಡುಗರು ಮೊಬೈಲ್ ಹಿಡಿದು ಕೂಡ್ತಾರ, ಇದನ್ನ ಓದಿದ್ರ ಇನ್ನಷ್ಟು ಕೆಡ್ತಾರ ಅನ್ನೋದು ಅವರ ಚಿಂತೆ. ಚಿಂತೆ ಸುಳ್ಳಲ್ಲ. ಆಟ ಆಡ್ರಿ ಅಂತ ಹೇಳಲಿಕ್ಕೆ ನಾನು ಬರೆಯುತ್ತಿಲ್ಲ. ಅಗ್ಗದ, ಹಳೆಯ, ಎಲ್ಲರೂ ಬದಿಗೆ ಸರಿಸಿದ ಸಾಮಾನಿನಿಂದ ಈ ಮನುಷ್ಯ ಏನೇನು ಮಾಡಿದರು ಎಂಬುದನ್ನು ಹೇಳಲಿಕ್ಕೆ ಬರೆಯುತ್ತಿದ್ದೇನೆ. ಅದರಾಗ ನಮ್ಮ ಶಾಲೆಗೂ ಒಂದು ಕೆಲಸ ಐತಿ. ಅದನ್ನ ಕಡೀಗೆ ಹೇಳ್ತೀನಿ.

ಗುನ್ಪೇ ಯೊಕೊಯಿ ಅವರು 1941ನೇ ಇಸವಿ ಸೆಪ್ಟೆಂಬರ್ 10ರಂದು ಕ್ಯೋಟೋ ನಗರದಲ್ಲಿ ಜನಿಸಿದರು. ಕ್ಯೋಟೋ ಎಂದರೆ ಜಪಾನಿನ ಹಳೆಯ ರಾಜಧಾನಿ. ಅಲ್ಲಿಯ ದೋಶಿಶಾ ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಾನಿಕ್ಸ್ ಓದಿದರು. 1965ರಲ್ಲಿ ಅದೇ ಊರಿನ ನಿಂಟೆಂಡೋ ಎಂಬ ಕಂಪನಿಗೆ ನೌಕರಿಗೆ ಸೇರಿದರು. ಆಗ ನಿಂಟೆಂಡೋ ಅಂದ್ರ ವಿಡಿಯೋ ಗೇಮ್ ಕಂಪನಿ ಅಲ್ಲ, ಇಸ್ಪೀಟ್ ಎಲೆ ಮಾಡುವ ಕಂಪನಿ! 1889ರಲ್ಲಿ ಶುರುವಾದದ್ದು. ಹನಫುದಾ ಎಂಬ ಹೂವಿನ ಚಿತ್ರದ ಎಲೆಗಳಿಗೆ ಅದು ಹೆಸರುವಾಸಿ. ವರ್ಷದ 12 ತಿಂಗಳಿಗೆ ತಿಂಗಳಿಗೆ 4ರಂತೆ ಒಟ್ಟು 48 ಎಲೆ. ನಮ್ಮೂರಾಗ ವರ ಇಸ್ಪೀಟ್ ಕಂಪನ್ಯಾಗ ಅದಾನ ಅಂದ್ರ ಹೆಣ್ಣು ಕೊಡೋದು ಕಷ್ಟ ಐತಿ. ಎಲೆಕ್ಟ್ರಾನಿಕ್ಸ್ ಓದಿ ಬಂದ ಯೊಕೊಯಿ ಅವರಿಗೆ ಅಲ್ಲಿ ಸಿಕ್ಕ ಕೆಲಸವೂ ಅಷ್ಟಕ್ಕಷ್ಟೇ. ಎಲೆ ತಯಾರಿಸುವ ಯಂತ್ರಗಳು ಕೆಡದಂತೆ ನೋಡಿಕೊಳ್ಳುವುದು.

ಯಂತ್ರ ಕೆಡದಿದ್ದರೆ ಕೆಲಸವೂ ಇಲ್ಲ. ಬಿಡುವಿನ ವೇಳೆಯಲ್ಲಿ ಅವರು ತಮ್ಮ ಸಂತೋಷಕ್ಕೆ ಒಂದು ಆಟಿಕೆ ಮಾಡಿಕೊಂಡರು. ಬ್ಯಾಂಕಿನ ಬಾಗಿಲಿಗೆ, ಅಂಗಡಿಗಳಿಗೆ ಅಡ್ಡಡ್ಡ ಪಟ್ಟಿ ಜೋಡಿಸಿದ ಚಾನಲ್ ಗೇಟ್ ಇರುತ್ತದಲ್ಲ, ಎಳೆದರೆ ಹಿಗ್ಗುತ್ತದೆ, ತಳ್ಳಿದರೆ ಕುಗ್ಗುತ್ತದೆ. ಅದೇ ಉಪಾಯದ ಉದ್ದನೆಯ ಕೈ. ಹಿಡಿ ಒತ್ತಿದರೆ ಮುಂದಕ್ಕೆ ಚಾಚಿ ದೂರದ ಸಾಮಾನು ಹಿಡಿಯುತ್ತದೆ. ಕಾರ್ಖಾನೆ ನೋಡಲು ಬಂದ ಮಾಲೀಕರಾದ ಹಿರೋಶಿ ಯಮಾಉಚಿ ಅವರ ಕಣ್ಣಿಗೆ ಅದು ಬಿತ್ತು. ಕೆಲಸದ ವೇಳೆಯಲ್ಲಿ ಆಟವೇ ಎಂದು ಬೈಯುವ ಬದಲು, ಅದನ್ನೇ ಮಾರಾಟದ ವಸ್ತು ಮಾಡು ಎಂದು ಅವರು ಅಪ್ಪಣೆ ಮಾಡಿದರು. 1966ರಲ್ಲಿ ಅಲ್ಟ್ರಾ ಹ್ಯಾಂಡ್ ಎಂಬ ಹೆಸರಿನಲ್ಲಿ ಅದು ಅಂಗಡಿಗೆ ಬಂತು. 10 ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಯಂತ್ರ ನೋಡಿಕೊಳ್ಳುವವರು ಆಟಿಕೆ ತಯಾರಕರಾದರು.

10ನೇ ತರಗತಿಯವರು ಮುಂದಿನದನ್ನು ಗಮನವಿಟ್ಟು ಓದಿರಿ, ಯಾಕಂದ್ರ ಅದು ನಮ್ಮ ವಿಜ್ಞಾನದ ಪುಸ್ತಕದಾಗ ಐತಿ. 1969ರಲ್ಲಿ ಅವರು ಲವ್ ಟೆಸ್ಟರ್ ಎಂಬ ಆಟಿಕೆ ತಂದರು. ಇಬ್ಬರು ಒಬ್ಬರ ಕೈ ಒಬ್ಬರು ಹಿಡಿದು, ಇನ್ನೊಂದು ಕೈಯಲ್ಲಿ ಯಂತ್ರದ ಒಂದೊಂದು ಗುಂಡು ಹಿಡಿದರೆ ಮುಳ್ಳು ಎಷ್ಟು ಸರಿಯಿತೋ ಅಷ್ಟು ಪ್ರೀತಿ ಎಂದು ತೋರಿಸುತ್ತಿತ್ತು. ಒಳಗೆ ಇದ್ದದ್ದು ನಮ್ಮ ಪ್ರಯೋಗಾಲಯದಲ್ಲಿ ಇರುವಂಥ ಗ್ಯಾಲ್ವನೋಮೀಟರ್ ತರಹದ ಸಾಧನ. ಮೈಯೊಳಗೆ ಹರಿಯುವ ಅತಿ ಸಣ್ಣ ವಿದ್ಯುತ್ತನ್ನು ಅಳೆಯುತ್ತದೆ, ಅಷ್ಟೆ. ಕೈ ಬೆವರಿದ್ದರೆ ಮುಳ್ಳು ಹೆಚ್ಚು ಸರಿಯುತ್ತದೆ! 1970ರಲ್ಲಿ ಬೆಳಕಿನ ಬಂದೂಕು ಬಂತು. ಬಿಸಿಲಿನಿಂದ ವಿದ್ಯುತ್ ಮಾಡುವ ಸೌರಕೋಶವನ್ನು ಅವರು ಗುರಿಹಲಗೆಯಾಗಿ ಬಳಸಿದರು. ಬಂದೂಕಿನಿಂದ ಬೆಳಕು ಬಂದು ಕೋಶಕ್ಕೆ ಬಡಿದರೆ ಗುರಿ ತಗುಲಿತು ಎಂದರ್ಥ. ಕೋಶ ಕೊಟ್ಟದ್ದು ಶಾರ್ಪ್ ಕಂಪನಿ. ಹೊಸದಾಗಿ ಏನನ್ನೂ ಕಂಡುಹಿಡಿಯದೆ ಇದ್ದದ್ದನ್ನೇ ಬೇರೆ ಕಡೆ ತಿರುಗಿಸಿದರೆ ಸಾಕು ಎಂಬುದು ಆಗಲೇ ಅವರ ಕೈಗೆ ರೂಢಿಯಾಗಿತ್ತು ಎಂದು ನನಗೆ ಅನ್ನಿಸುತ್ತದೆ.

ಇನ್ನು ರೈಲಿನ ಕಥೆ. ಯೊಕೊಯಿ ಅವರು ಒಮ್ಮೆ ಜಪಾನಿನ ವೇಗದ ರೈಲಿನಲ್ಲಿ ಹೋಗುತ್ತಿದ್ದಾಗ, ಬೇಜಾರಾದ ಒಬ್ಬ ನೌಕರದಾರ ಕ್ಯಾಲ್ಕುಲೇಟರಿನ ಗುಂಡಿ ಒತ್ತುತ್ತಾ ಹೊತ್ತು ಕಳೆಯುತ್ತಿದ್ದುದನ್ನು ಕಂಡರು. ಲಿಂಗಸುಗೂರಿನಿಂದ ಮಸ್ಕಿ ಮ್ಯಾಲ ಸಿಂಧನೂರಿಗೆ ಬರೋ ಬಸ್ಸಿನಾಗ ಇವತ್ತು ನೋಡ್ರಿ, ಸೀಟಿಗೊಬ್ಬರು ತಲೆ ಬಗ್ಗಿಸಿ ಮೊಬೈಲ್ ನೋಡ್ತಿರ್ತಾರ. ಆಗ ಅದು ಇರಲಿಲ್ಲ. ಹೊತ್ತು ಕಳೆಯಲಿಕ್ಕೆ ಬೇಕಾದದ್ದು ಸಣ್ಣದಾಗಿರಬೇಕು, ಪಕ್ಕದವರಿಗೆ ಕಾಣದಂತೆ ಕೈಯೊಳಗೆ ಅಡಗಬೇಕು ಎಂದು ಅವರಿಗೆ ಹೊಳೆಯಿತು. ಕೆಲವು ದಿನಗಳ ಮೇಲೆ ಮಾಲೀಕರ ಕಾರಿನ ಚಾಲಕ ಇಲ್ಲದ ಕಾರಣ ಯೊಕೊಯಿ ಅವರೇ ಕಾರು ಓಡಿಸಬೇಕಾಯಿತು. ದಾರಿಯಲ್ಲಿ ಮಾತಿಗೆ ಮಾತು ಬಂದು ಈ ವಿಚಾರ ಹೇಳಿದರು. ಮಾಲೀಕರು ಹೆಚ್ಚು ಮಾತಾಡಲಿಲ್ಲ. ಆದರೆ ವಾರ ಕಳೆಯುವುದರೊಳಗೆ ಶಾರ್ಪ್ ಕಂಪನಿಯವರು ಮಾತುಕತೆಗೆ ಬಂದರು.

ಕ್ಯಾಲ್ಕುಲೇಟರ್ ಕಂಪನಿಗಳು ಆ ದಿನಗಳಲ್ಲಿ ಒಂದಕ್ಕೊಂದು ಪೈಪೋಟಿಗೆ ಬಿದ್ದು ಬೆಲೆ ಇಳಿಸಿದ್ದವು. ಅದರ ಪರದೆ, ಅದರ ಚಿಪ್ ಎರಡೂ ಅಗ್ಗವಾಗಿದ್ದವು. ಅವುಗಳಿಂದಲೇ ಗೇಮ್ ಅಂಡ್ ವಾಚ್ ಹುಟ್ಟಿತು. 1980ರ ಏಪ್ರಿಲ್ 28ರಂದು ಮೊದಲನೆಯದು ಬಂತು, ಹೆಸರು ಬಾಲ್. ಕೈಯಲ್ಲಿ ಚೆಂಡು ಎಸೆದು ಹಿಡಿಯುವ ಒಬ್ಬ ಮನುಷ್ಯ, ಅಷ್ಟೇ ಆಟ. ಆಡದಿದ್ದಾಗ ಗಡಿಯಾರ. ಈ ಸಾಲಿನ ಆಟಗಳು ಎಲ್ಲಾ ಸೇರಿ ಲೋಕದಲ್ಲಿ 4 ಕೋಟಿ 34 ಲಕ್ಷ ಮಾರಾಟವಾದವು.

1982ರಲ್ಲಿ ಅದೇ ಸಾಲಿನಲ್ಲಿ ಡಾಂಕಿ ಕಾಂಗ್ ಎಂಬ ಆಟ ಬಂತು. ಎರಡು ಪರದೆ, ಹೆಣ್ಣುಮಕ್ಕಳ ಪೌಡರ್ ಡಬ್ಬಿಯ ಹಾಗೆ ಮಡಚಬಹುದು. ಅದಕ್ಕೆ ಎದ್ದು ನಿಲ್ಲುವ ಕೋಲು ಹಾಕಿದರೆ ಮಡಚಲು ಬರುವುದಿಲ್ಲ. ಹಾಗಾಗಿ ಯೊಕೊಯಿ ಅವರು ಚಪ್ಪಟೆಯಾದ, ಕೂಡಿಸುವ ಚಿಹ್ನೆಯ ಆಕಾರದ ಒಂದೇ ಗುಂಡಿ ಇಟ್ಟರು. ಮೇಲೆ, ಕೆಳಗೆ, ಎಡ, ಬಲ. ಹೆಬ್ಬೆರಳಿಗೆ ಅದು ಎಲ್ಲಿದೆ ಎಂದು ತಾನೇ ಗೊತ್ತಾಗುತ್ತದೆ, ಕಣ್ಣು ಪರದೆಯ ಮೇಲೆಯೇ ಇರಬಹುದು. ಜಾತ್ರೆಯಲ್ಲಿ ಸಿಗುವ ಅಗ್ಗದ ಟಿವಿ ಗೇಮಿನ ಹಿಡಿಯಿಂದ ಹಿಡಿದು ಸಾವಿರಾರು ರೂಪಾಯಿಯ ಹಿಡಿಗಳ ತನಕ ಎಡಗೈ ಕಡೆ ಈ ಗುರುತು ಐತಿ. ಯಾರು ಮಾಡಿದ್ದು ಅಂತ ಯಾರೂ ಕೇಳೋದಿಲ್ಲ.

ಮಾರಿಯೋ ವಿಷಯಕ್ಕೆ ಬಂದರೆ, ಅವನನ್ನು ಚಿತ್ರಿಸಿದವರು ಶಿಗೆರು ಮಿಯಾಮೊಟೊ. ಅದರಲ್ಲಿ ಎರಡು ಮಾತಿಲ್ಲ. 1981ರಲ್ಲಿ ಅಂಗಡಿಗಳಲ್ಲಿ ನಿಲ್ಲಿಸುವ ದೊಡ್ಡ ಯಂತ್ರಕ್ಕೆ ಡಾಂಕಿ ಕಾಂಗ್ ಆಟ ಮಾಡಿದಾಗ ಮಿಯಾಮೊಟೊ ಅವರು ಇನ್ನೂ ಎಳೆಯರು, ಮೇಲೆ ನಿಂತು ನಡೆಸಿದವರು ಯೊಕೊಯಿ. ಆ ಆಟದಲ್ಲಿ ಮಾರಿಯೋ ಎತ್ತರದಿಂದ ಬಿದ್ದರೆ ಸಾಯುತ್ತಿದ್ದ. 1983ರ ಮಾರಿಯೋ ಬ್ರದರ್ಸ್ ಆಟ ಮಾಡುವಾಗ, ಎಷ್ಟು ಎತ್ತರದಿಂದ ಬಿದ್ದರೂ ಅವನಿಗೆ ಏನೂ ಆಗಬಾರದು ಎಂದು ಯೊಕೊಯಿ ಅವರು ಸೂಚಿಸಿದರು. ಹಾಗೆ ಮಾಡಿದರೆ ಆಟವೇ ಅನಿಸುವುದಿಲ್ಲ ಎಂದು ಮಿಯಾಮೊಟೊ ಅವರಿಗೆ ಮೊದಲು ಅನುಮಾನವಿತ್ತು. ಆಮೇಲೆ ಒಪ್ಪಿದರು. ನಮಗೆ ಇದು ಸಣ್ಣ ವಿಷಯ ಅನ್ನಿಸಬಹುದು. ಆದರೆ ಬೀಳುವ ಹೆದರಿಕೆ ಹೋದ ಮೇಲೆಯೇ ಮಾರಿಯೋ ಮೋಡದ ತನಕ ಜಿಗಿದು ಇಳಿಯಲು ಆದದ್ದು. ಕಟ್ಟೆಯಿಂದ ಕಟ್ಟೆಗೆ ಜಿಗಿಯುವ ಈ ಬಗೆಯ ಆಟಗಳಿಗೆ ಪ್ಲಾಟ್‌ಫಾರ್ಮ್ ಆಟ ಎನ್ನುತ್ತಾರೆ. ಅವುಗಳ ಜೀವವೇ ಜಿಗಿತ, ನಮ್ಮ ಕುಂಟೆಬಿಲ್ಲೆ ಇದ್ದ ಹಾಗೆ.

ಈಗ ಮುಖ್ಯವಾದ ಭಾಗ. 1989ರ ಏಪ್ರಿಲ್ 21ರಂದು ಜಪಾನಿನಲ್ಲಿ ಗೇಮ್ ಬಾಯ್ ಬಂತು. ಬೆಲೆ 12,500 ಯೆನ್. ಗೇಮ್ ಅಂಡ್ ವಾಚ್‌ನಲ್ಲಿ ಚಿತ್ರಗಳು ಕ್ಯಾಲ್ಕುಲೇಟರಿನ ಅಂಕಿಗಳ ಹಾಗೆ ಪರದೆಯಲ್ಲಿ ಮೊದಲೇ ಅಚ್ಚಾಗಿರುತ್ತಿದ್ದವು, ಬೇಕಾದ್ದು ಮಾತ್ರ ಕಾಣಿಸಿಕೊಳ್ಳುತ್ತಿತ್ತು. ಗೇಮ್ ಬಾಯ್ ಪರದೆ ಹಾಗಲ್ಲ. ಅಡ್ಡ 160 ಚುಕ್ಕಿ, ಉದ್ದ 144 ಚುಕ್ಕಿ, ಒಟ್ಟು 23,040 ಚುಕ್ಕಿ. ಯಾವ ಚಿತ್ರ ಬೇಕಾದರೂ ಬಿಡಿಸಬಹುದು. ಆಟದ ಕ್ಯಾಸೆಟ್ ಬದಲಿಸಬಹುದು. ಕ್ಯಾಸೆಟ್ ಬದಲಿಸುವ, ಬಹಳ ವರ್ಷ ನಡೆಯುವ ಯಂತ್ರವೇ ಆಗಬೇಕು ಎಂದು ಹಠ ಹಿಡಿದದ್ದು ತಾನು ಎಂದು ಅವರ ಕೈಕೆಳಗಿನ ಎಂಜಿನಿಯರ್ ಸತೋರು ಒಕಾಡ ಅವರು ನಂತರ ಹೇಳಿಕೊಂಡಿದ್ದಾರೆ. ಯೊಕೊಯಿ ಅವರಿಗೆ ಇನ್ನೂ ಅಗ್ಗದ್ದು ಬೇಕಿತ್ತಂತೆ. ಇದನ್ನು ಯಾಕೆ ಬರೆದೆನೆಂದರೆ, ಮಹನೀಯರ ಜೀವನ ಬರೆಯುವಾಗ ಎಲ್ಲವನ್ನೂ ಒಬ್ಬರ ತಲೆಗೇ ಕಟ್ಟುವುದು ನಮಗೆ ಚಟ.

ಆದರೆ ಬಣ್ಣ ಬೇಡ ಎಂಬ ತೀರ್ಮಾನ ಯೊಕೊಯಿ ಅವರದೇ. ಬಣ್ಣದ ಪರದೆ ಆಗ ಸಿಗುತ್ತಿತ್ತು. ಅದೇ ವರ್ಷ ಅಟಾರಿ ಕಂಪನಿ ಬಣ್ಣದ ಲಿಂಕ್ಸ್ ತಂದಿತು, 1990ರಲ್ಲಿ ಸೇಗಾ ಕಂಪನಿ ಬಣ್ಣದ ಗೇಮ್ ಗಿಯರ್ ತಂದಿತು. ಅವುಗಳ ಪರದೆಯ ಹಿಂದೆ ದೀಪ ಇತ್ತು. ಗೇಮ್ ಬಾಯ್‌ಗೆ ದೀಪವೂ ಇಲ್ಲ, ಬಣ್ಣವೂ ಇಲ್ಲ, ಹಸಿರು ಪಾಚಿಯಂಥ ಪರದೆಯ ಮೇಲೆ 4 ಛಾಯೆ. ನೋಡಿದವರು ನಕ್ಕಿರಬೇಕು. ಈಗ ಸೆಲ್ಲಿನ ಲೆಕ್ಕ ನೋಡೋಣ. ಗೇಮ್ ಬಾಯ್‌ಗೆ 4 ಸೆಲ್ ಹಾಕಿದರೆ 15 ತಾಸಿಗೆ ಮೋಸವಿಲ್ಲ. ಗೇಮ್ ಗಿಯರ್‌ಗೆ 6 ಸೆಲ್ ಹಾಕಿದರೆ 3ರಿಂದ 5 ತಾಸು, 4 ತಾಸು ಎಂದಿಟ್ಟುಕೊಳ್ಳಿ. ಒಟ್ಟು 60 ತಾಸು ಆಡಬೇಕಾದರೆ ಗೇಮ್ ಬಾಯ್‌ಗೆ 16 ಸೆಲ್, ಗೇಮ್ ಗಿಯರ್‌ಗೆ 90 ಸೆಲ್! ಸೆಲ್ ಕೊಡಿಸುವ ಅಪ್ಪ ಯಾವ ಯಂತ್ರ ಕೊಡಿಸುತ್ತಾನೆ ಎಂದು ಯಾರಾದರೂ ಹೇಳಬಹುದು. ಇನ್ನೊಂದು ಮಾತು. ದೀಪವಿಲ್ಲದ ಆ ಪರದೆ ಬಿಸಿಲಿನಲ್ಲಿ ಚೆಂದ ಕಾಣುತ್ತದೆ. ನಮ್ಮ ರಾಯಚೂರು ಜಿಲ್ಲೆಯ ಬಿಸಿಲಾಗ ಮೊಬೈಲ್ ಹಿಡದ್ರ ಬರೇ ನಮ್ಮ ಮುಖ ಕಾಣ್ತದ.

ಈ ವಿಧಾನಕ್ಕೆ ಯೊಕೊಯಿ ಅವರು ಒಂದು ಹೆಸರು ಇಟ್ಟಿದ್ದರು. ಕನ್ನಡದಲ್ಲಿ ಹೇಳುವುದಾದರೆ, ಬಾಡಿ ಒಣಗಿದ ತಂತ್ರಜ್ಞಾನವನ್ನು ಅಡ್ಡ ದಿಕ್ಕಿನಿಂದ ಯೋಚಿಸುವುದು. ಬಾಡಿದ್ದು ಅಂದ್ರ ಕೆಟ್ಟದ್ದಲ್ಲ. ಬಹಳ ದಿನ ಬಳಸಿ ಬಳಸಿ ಅದರ ಗುಣ ದೋಷ ಎಲ್ಲಾ ಗೊತ್ತಾಗಿ, ಬೆಲೆ ಇಳಿದದ್ದು. ಅಡ್ಡ ದಿಕ್ಕು ಅಂದ್ರ ಯಾರೂ ಅದನ್ನು ಬಳಸದ ಜಾಗದಲ್ಲಿ ಬಳಸುವುದು. ನಮ್ಮ ರೈತರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಹಳೇ ಸೈಕಲ್ಲಿನ ಮುಂದಿನ ಗಾಲಿ, ಹ್ಯಾಂಡಲ್ ತೆಗೆದು ಹಿಂದೆ ಕುಂಟೆ ಕಟ್ಟಿ ಸೈಕಲ್ ಎಡೆಕುಂಟಿ ಮಾಡ್ಯಾರ. ಎತ್ತು ಇಲ್ಲದವರ ಹೊಲದಾಗ ಅದು ನಡೀತದ.

ಸೂಪರ್ ಮಾರಿಯೋ ಲ್ಯಾಂಡ್ ಗೇಮ್ ಬಾಯ್ ಜೊತೆಗೇ ಅದೇ ದಿನ ಬಂತು. ನಿರ್ಮಾಪಕರು ಯೊಕೊಯಿ, ನಿರ್ದೇಶಕರು ಒಕಾಡ, ಸಂಗೀತ ಹಿರೊಕಾಜು ತನಾಕಾ. ಇದರಲ್ಲಿ ಮಿಯಾಮೊಟೊ ಅವರ ಕೈ ಇಲ್ಲ. ಮಾರಿಯೋನನ್ನು ಅವನ ತಂದೆ ಇಲ್ಲದೆ ಬೇರೆಯವರ ಮನೆಯಲ್ಲಿ ಬೆಳೆಸಿದ ಹಾಗೆ. ಅದಕ್ಕೇ ಆಟ ಸ್ವಲ್ಪ ವಿಚಿತ್ರ. ನಡೆಯುವುದು ಸರಸಾಲ್ಯಾಂಡ್ ಎಂಬ ದೇಶದಲ್ಲಿ. ಅದರಲ್ಲಿ 4 ರಾಜ್ಯ: ಬಿರಬುಟೋ, ಮುಡಾ, ಈಸ್ಟನ್, ಚಾಯ್. ಚಾಯ್ ಅಂದ್ರ ಚಹಾ ಅಲ್ಲ, ಚೀನಾ ದೇಶದ ಹಾಗೆ ಇರುವ ರಾಜ್ಯ. ಬಿರಬುಟೋದಲ್ಲಿ ಈಜಿಪ್ಟಿನ ಪಿರಮಿಡ್ಡು, ಈಸ್ಟನ್‌ನಲ್ಲಿ ಈಸ್ಟರ್ ದ್ವೀಪದ ದೊಡ್ಡ ಕಲ್ಲಿನ ತಲೆಗಳು. ಸಮಾಜ ವಿಜ್ಞಾನದ ಸರ್ ಇದನ್ನು ನೋಡಿದರೆ ಖುಷಿಪಡುತ್ತಾರೆ. ರಾಜ್ಯಕ್ಕೆ 3ರಂತೆ ಒಟ್ಟು 12 ಹಂತ. ತಟಂಗಾ ಎಂಬ ಬೇರೆ ಲೋಕದವನು ರಾಜಕುಮಾರಿ ಡೇಸಿಯನ್ನು ಹೊತ್ತೊಯ್ದಿದ್ದಾನೆ, ಬಿಡಿಸಬೇಕು. ಪ್ರತಿ ರಾಜ್ಯದ ಕೊನೆಗೆ ಡೇಸಿ ಸಿಕ್ಕಳು ಎಂದು ಹೋದರೆ ಅವಳು ರಾಕ್ಷಸ ಜೀವಿಯಾಗಿ ಬದಲಾಗಿ ಓಡುತ್ತಾಳೆ. ಮಾರೀಚನ ಜಿಂಕೆ ಇದ್ದಂಗ! ನಿಜವಾದ ಡೇಸಿ ಸಿಗುವುದು ಕೊನೆಯಲ್ಲೇ.

ಟಿವಿಯ ಮಾರಿಯೋ ಆಟದಲ್ಲಿ ಆಮೆಯನ್ನು ತುಳಿದರೆ ಚಿಪ್ಪು ಜಾರಿ ಹೋಗುತ್ತದೆ. ಇಲ್ಲಿ ತುಳಿದರೆ ಚಿಪ್ಪು ಬಾಂಬಾಗಿ ಸಿಡಿಯುತ್ತದೆ, ಓಡಬೇಕು. ಅಲ್ಲಿ ಬೆಂಕಿ ಉಂಡೆ, ಇಲ್ಲಿ ಗೋಡೆಗೆ ಬಡಿದು ಪುಟಿಯುವ ಚೆಂಡು. ಒಂದು ಹಂತದಲ್ಲಿ ಮಾರಿಯೋ ಜಲಾಂತರ್ಗಾಮಿ ನಡೆಸುತ್ತಾನೆ, ಕೊನೆಯ ಹಂತದಲ್ಲಿ ವಿಮಾನ.

ನಮ್ಮ ಸೋದರಮಾವ ಸಿಂಧನೂರಿನಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾರೆ. ಬೆಂಗಳೂರಿನ ಹಳೇ ಸಾಮಾನಿನ ಅಂಗಡಿಯಿಂದ ಅವರು ಒಂದು ಕೆಟ್ಟ ಗೇಮ್ ಬಾಯ್ ತಂದು ಸರಿ ಮಾಡಿದರು, ಅದರೊಳಗೆ ಈ ಕ್ಯಾಸೆಟ್ಟೇ ಇತ್ತು. ದಸರಾ ರಜೆಯಲ್ಲಿ ನಾನು ಅದನ್ನು ಆಡಿದೆ. ಅದಕ್ಕಿಂತ ಹೆಚ್ಚು ಹೊತ್ತು ಅಳತೆ ಪಟ್ಟಿ ಹಿಡಿದು ನೋಡಿದೆ. ಪರದೆಯ ಅಗಲ 4.7 ಸೆಂಟಿಮೀಟರ್. ಅದರಲ್ಲಿ ಮಾರಿಯೋ ಒಂದು ಜೋಳದ ಕಾಳಿನಷ್ಟು! ಜೋಳದ ಕಾಳಿನಷ್ಟು ಜಾಗದಲ್ಲಿ ಟೊಪ್ಪಿಗೆ, ಮೂಗು, ಕಾಲು ಎಲ್ಲಾ ಗುರುತು ಸಿಗಬೇಕು. ನೀವೂ ನೋಡಬಹುದು. ಗಣಿತದ ಚೌಕುಳಿ ನೋಟ್‌ಬುಕ್ ತೆಗೆದು ಅಡ್ಡ 8, ಉದ್ದ 8 ಚೌಕ ಗುರುತು ಹಾಕಿರಿ. ಗೇಮ್ ಬಾಯ್ ಚಿತ್ರ ಇಂಥ ತುಂಡುಗಳಿಂದಲೇ ಆಗಿರುವುದು. ಪರದೆಯ ತುಂಬಾ ಅಡ್ಡ 20, ಉದ್ದ 18 ತುಂಡು ಹಿಡಿಯುತ್ತವೆ. ಪೆನ್ಸಿಲಿನಲ್ಲಿ ಬಿಳಿ, ತಿಳಿ ಬೂದು, ಗಾಢ ಬೂದು, ಕಪ್ಪು ಈ ನಾಲ್ಕೇ ಛಾಯೆಯಲ್ಲಿ ಚೌಕ ತುಂಬಿ ಒಂದು ಮುಖ ಬರೆಯಿರಿ. ನಾನು ಬರೆದ ಐದರಲ್ಲಿ ನಾಲ್ಕು ಕುಂಬಳಕಾಯಿ ಆದವು.

ಪರದೆ ನಿಧಾನದ್ದು, ವೇಗವಾಗಿ ಓಡಿದರೆ ಚಿತ್ರದ ಹಿಂದೆ ಮಸಿ ಬಳಿದ ಹಾಗೆ ಬಾಲ ಬರುತ್ತದೆ. ಆ ಆಟದ ಹಿನ್ನೆಲೆ ಬಹುಪಾಲು ಖಾಲಿ ಬಿಟ್ಟದ್ದು, ಗೊಂಬೆಗಳನ್ನು ಸರಳವಾಗಿ ಬರೆದದ್ದು ನೋಡಿದರೆ ಕೊರತೆಯನ್ನು ಅರಿತೇ ಮಾಡಿದ್ದಾರೆ ಅನ್ನಿಸುತ್ತದೆ. ಇಡೀ ಆಟ, ಚಿತ್ರ, ಸಂಗೀತ ಎಲ್ಲಾ ಸೇರಿ 64 ಕಿಲೋಬೈಟ್. ಈಗ ಮೊಬೈಲಿನಲ್ಲಿ ತೆಗೆಯುವ ಒಂದು ಫೋಟೋ 3 ಮೆಗಾಬೈಟ್ ಎಂದು ಹಿಡಿದರೆ, ಒಂದು ಫೋಟೋದ ಜಾಗದಲ್ಲಿ ಇಂಥ 48 ಆಟ ಕೂಡುತ್ತವೆ.

ಆಟ ಬಹಳ ಚಿಕ್ಕದು ಎಂದು ದೂರುವವರಿದ್ದಾರೆ. ಕೈ ಪಳಗಿದವರು ಅರ್ಧ ತಾಸು, ಮುಕ್ಕಾಲು ತಾಸಿನಲ್ಲಿ ಮುಗಿಸುತ್ತಾರೆ. ಅರ್ಧಕ್ಕೆ ನಿಲ್ಲಿಸಿ ನಾಳೆ ಮುಂದುವರಿಸಲು ಬರುವುದಿಲ್ಲ. ನನ್ನ ಅಭಿಪ್ರಾಯ ಬೇರೆ. ಲಿಂಗಸುಗೂರಿನಾಗ ಬಸ್ ಹತ್ತಿ ಆಡಾಕ ಕುಂತ್ರ ಸಿಂಧನೂರು ಬರೋದ್ರೊಳಗ ಡೇಸಿ ಸಿಕ್ಕಿರ್ತಾಳ. ದಾರಿಯ ಉದ್ದಕ್ಕೆ ತಕ್ಕ ಆಟ ಅದು. ಮುಗಿಯುವ ಆಟ ಒಳ್ಳೆಯದು. ಇವತ್ತಿನ ಮೊಬೈಲ್ ಆಟಗಳು ಮುಗಿಯುವುದೇ ಇಲ್ಲ, ಅದೇ ಅವುಗಳ ದೋಷ. ಹಿರಿಯರ ಚಿಂತೆಗೆ ಕಾರಣವೂ ಅದೇ ಇರಬೇಕು.

1 ಕೋಟಿ 81 ಲಕ್ಷ ಕ್ಯಾಸೆಟ್ ಮಾರಾಟವಾದವು. ಆಟದ ಸಂತತಿಯೂ ಬೆಳೆಯಿತು. 1992ರಲ್ಲಿ ಅದೇ ತಂಡ ಎರಡನೆಯ ಭಾಗ ಮಾಡಿದಾಗ ವಾರಿಯೋ ಎಂಬ ದುರಾಸೆಯ ಖಳನಾಯಕ ಹುಟ್ಟಿದ. 1994ರಲ್ಲಿ ವಾರಿಯೋ ಲ್ಯಾಂಡ್ ಎಂಬ ಆಟದಲ್ಲಿ ಅವನೇ ನಾಯಕನಾದ. ಮೊದಲ ಭಾಗದಲ್ಲಿ ಕೆಲವೇ ಚುಕ್ಕಿಗಳಲ್ಲಿ ಬಂದು ಹೋದ ಡೇಸಿ, ಈಗಲೂ ಮಾರಿಯೋ ಕಾರ್ ಓಟದ ಆಟಗಳಲ್ಲಿ ಬರುತ್ತಾಳೆ. ಎಲ್ಲಕ್ಕಿಂತ ದೊಡ್ಡದು ಬೇರೆ. ಕೈಯೊಳಗಿನ ಆಟವೆಂದರೆ ಟಿವಿ ಆಟದ ಬಡ ನಕಲು ಆಗಬೇಕಾಗಿಲ್ಲ, ಅದಕ್ಕೆ ಅದರದೇ ಅಳತೆ, ಅದರದೇ ಹುಚ್ಚು ಕಲ್ಪನೆ ಇರಬಹುದು ಎಂದು ಈ ಆಟ ತೋರಿಸಿಕೊಟ್ಟಿತು. 1996ರಲ್ಲಿ ಪೋಕೆಮಾನ್ ಹುಟ್ಟಿದ್ದೂ ಇದೇ ಗೇಮ್ ಬಾಯ್ ಮೇಲೆ. ಆ ಹೊತ್ತಿಗೆ ಯಂತ್ರಕ್ಕೆ 7 ವರ್ಷ ವಯಸ್ಸು. ಮುಂದೆ ಬಂದ ಬಣ್ಣದ ಗೇಮ್ ಬಾಯ್ ಸೇರಿ ಒಟ್ಟು 11 ಕೋಟಿ 86 ಲಕ್ಷ ಯಂತ್ರ ಮಾರಾಟವಾದವು. ಗಟ್ಟಿತನ ಎಷ್ಟೆಂದರೆ, ಕೊಲ್ಲಿ ಯುದ್ಧದ ಬಾಂಬ್ ದಾಳಿಯಲ್ಲಿ ಸುಟ್ಟು ಕರಗಿದ ಒಂದು ಗೇಮ್ ಬಾಯ್ ಇನ್ನೂ ಓಡುತ್ತಿತ್ತು. ಅದನ್ನು ನ್ಯೂಯಾರ್ಕಿನ ನಿಂಟೆಂಡೋ ಅಂಗಡಿಯಲ್ಲಿ ಹಲವು ವರ್ಷ ಪ್ರದರ್ಶನಕ್ಕೆ ಇಟ್ಟಿದ್ದರು.

ನಮ್ಮ ಕಡೆ ಗೇಮ್ ಬಾಯ್ ಬಂದದ್ದು ಬಹಳ ಕಡಿಮೆ. ಬಂದದ್ದು ಅದರ ಆಕಾರ. ಸೋಮಲಾಪುರದ ಅಂಬಾಮಠದ ಜಾತ್ರೆಯಲ್ಲಿ ನಮ್ಮಣ್ಣ ಕೊಂಡಿದ್ದ ಬ್ರಿಕ್ ಗೇಮ್ ಮನೆಯಲ್ಲಿ ಇನ್ನೂ ಇದೆ. ಮೇಲೆ 9999 ಆಟ ಎಂದು ಬರೆದಿದೆ, ಎಣಿಸಿದರೆ ಹತ್ತಿಪ್ಪತ್ತು ಸಿಗುವುದಿಲ್ಲ. ಇಟ್ಟಿಗೆ ಜೋಡಿಸುವ ಆ ಆಟ ರಷ್ಯಾದ ಅಲೆಕ್ಸಿ ಪಜಿಟ್ನೋವ್ ಅವರು 1984ರಲ್ಲಿ ಮಾಡಿದ ಟೆಟ್ರಿಸ್‌ನ ನಕಲು. ಡಬ್ಬಿಯ ರೂಪ ಗೇಮ್ ಬಾಯ್ ನಕಲು. ಮಾಮಾ ಅದನ್ನು ಬಿಚ್ಚಿ ತೋರಿಸಿದರು. ಒಳಗೆ ಒಂದು ಹಸಿರು ಹಲಗೆ, ಅದರ ಮೇಲೆ ಡಾಂಬರಿನ ಹನಿಯಂಥ ಕಪ್ಪು ಗುಡ್ಡೆಯ ಕೆಳಗೆ ಚಿಪ್ಪು, ಟಿವಿ ರಿಮೋಟಿನಲ್ಲಿ ಇರುವಂಥ ರಬ್ಬರ್ ಗುಂಡಿ. ಪರದೆಯಲ್ಲಿ ಅಡ್ಡ 10, ಉದ್ದ 20, ಒಟ್ಟು 200 ಚೌಕ, ಅಷ್ಟೇ. ಅಷ್ಟರಲ್ಲೇ ಕಾರು, ಹಾವು, ಯುದ್ಧ ಎಲ್ಲಾ ತೋರಿಸುತ್ತದೆ. ಅದನ್ನು ಮಾಡಿದವರು ಯೊಕೊಯಿ ಅವರ ಹೆಸರು ಕೇಳಿರಲಿ ಬಿಡಲಿ, ಅವರ ದಾರಿಯಲ್ಲೇ ನಡೆದರು.

ಯೊಕೊಯಿ ಅವರ ಜೀವನದಲ್ಲಿ ಸೋಲೂ ಇತ್ತು. 1995ರ ಜುಲೈ 21ರಂದು ವರ್ಚುವಲ್ ಬಾಯ್ ಎಂಬ ಯಂತ್ರ ಬಂತು. ಮೇಜಿನ ಮೇಲೆ ನಿಲ್ಲಿಸಿ ಕಣ್ಣಿಟ್ಟು ನೋಡಬೇಕು, ಚಿತ್ರ ಆಳವಾಗಿ ಕಾಣುತ್ತದೆ. ಬಣ್ಣ ಮಾತ್ರ ಕೆಂಪು ಒಂದೇ, ಯಾಕಂದ್ರ ಅಗ್ಗದಲ್ಲಿ ಸಿಗುತ್ತಿದ್ದದ್ದು ಕೆಂಪು ಎಲ್‌ಇಡಿ. ಅದೇ ಹಳೆಯ ಉಪಾಯ, ಆದರೆ ಈ ಸಲ ನಡೆಯಲಿಲ್ಲ. ಆಡಿದವರು ತಲೆನೋವು, ಕಣ್ಣುನೋವು ಎಂದರು. ಸುಮಾರು 7 ಲಕ್ಷ 70 ಸಾವಿರ ಮಾತ್ರ ಹೋದವು. ವರ್ಷ ತುಂಬುವುದರೊಳಗೆ ತಯಾರಿಕೆ ನಿಂತಿತು. ಅಗ್ಗ ಅನ್ನೋದು ಒಂದೇ ಸಾಲದು, ಆಡುವವರ ಮೈಗೂ ಒಗ್ಗಬೇಕು.

ಆ ಸೋಲಿಗೇ ಅವರು ಕಂಪನಿ ಬಿಟ್ಟರು ಎಂದು ಬಹಳ ಜನ ಬರೆಯುತ್ತಾರೆ. ಆದರೆ ಹೊರಗೆ ಬಂದು ಸ್ವಂತ ಕೆಲಸ ಮಾಡುವ ಆಸೆ ಮೊದಲಿನಿಂದ ಇತ್ತು ಎಂದು ಅವರೇ ತಿಳಿಸಿದ್ದರು. ಸೋತ ಕೂಡಲೇ ಎದ್ದು ಹೋಗಲೂ ಇಲ್ಲ. ಸಣ್ಣದಾದ, ಪರದೆ ಸ್ಪಷ್ಟವಾದ ಗೇಮ್ ಬಾಯ್ ಪಾಕೆಟ್ ಮಾಡಿ ಕೊಟ್ಟು, 1996ರ ಆಗಸ್ಟ್ 15ರಂದು, 31 ವರ್ಷದ ನೌಕರಿ ಬಿಟ್ಟರು. ಕೋಟೋ ಎಂಬ ಹೆಸರಿನಲ್ಲಿ ಸ್ವಂತ ಸಣ್ಣ ಕಂಪನಿ ಕಟ್ಟಿದರು. ಬಂದಾಯ್ ಕಂಪನಿಗಾಗಿ ಹೊಸದೊಂದು ಕೈಯಾಟದ ಯಂತ್ರದ ಕೆಲಸ ಶುರುವಾಯಿತು.

1997ರ ಅಕ್ಟೋಬರ್ 4. ಪರಿಚಿತರೊಬ್ಬರ ಜೊತೆ ಅವರು ಇಶಿಕಾವಾ ಪ್ರಾಂತದ ಹೊಕುರಿಕು ಹೆದ್ದಾರಿಯಲ್ಲಿ ಕಾರಿನಲ್ಲಿ ಹೋಗುತ್ತಿದ್ದರು. ಮುಂದಿನ ವಾಹನಕ್ಕೆ ಕಾರು ತಗುಲಿತು. ಏನಾಯಿತೆಂದು ನೋಡಲು ಯೊಕೊಯಿ ಅವರು ಕೆಳಗಿಳಿದರು. ಹಿಂದಿನಿಂದ ಬಂದ ಇನ್ನೊಂದು ಕಾರು ಅವರಿಗೆ ಬಡಿಯಿತು. ಆಗ ಅವರಿಗೆ 56 ವರ್ಷ. ಮಸ್ಕಿ ದಾಟಿ ಸಿಂಧನೂರಿಗೆ ಹೋಗೋ ನಮ್ಮ ಹೆದ್ದಾರಿಯಾಗ, ಭತ್ತದ ಸುಗ್ಗಿಯಾಗ ಲಾರಿ ಸಾಲು ನಿಲ್ಲೋ ರಸ್ತೆಯಾಗ, ಸಣ್ಣ ಡಿಕ್ಕಿ ಆದ ಕೂಡಲೇ ಎಲ್ಲರೂ ಇಳಿದು ನಡುರಸ್ತೆಯಲ್ಲೇ ನಿಂತು ಜಗಳಕ್ಕೆ ಬೀಳ್ತಾರ. ನಮ್ಮ ಮನೆಯವರಿಗೆ ನಾನು ಈ ಕಥೆ ಹೇಳಿದ್ದೇನೆ. ನೀವೂ ಹೇಳಿರಿ.

ಅವರು ಶುರು ಮಾಡಿದ ಯಂತ್ರ 1999ರ ಮಾರ್ಚ್ 4ರಂದು ವಂಡರ್‌ಸ್ವಾನ್ ಎಂಬ ಹೆಸರಿನಲ್ಲಿ ಬಂತು. ಒಂದೇ ಒಂದು ಸೆಲ್ಲಿನಲ್ಲಿ ಓಡುತ್ತಿತ್ತು. ಅದರ ಮೊದಲ ಆಟಗಳಲ್ಲಿ ಒಂದು ಗೆರೆ ಜೋಡಿಸುವ ಒಗಟಿನ ಆಟ. ಅದಕ್ಕೆ ಗುನ್ಪೇ ಎಂದೇ ಹೆಸರಿಟ್ಟರು.

ಇದನ್ನು ಓದಿದಾಗ ನನಗೆ ನಮ್ಮ ಮಸ್ಕಿಯ ಶಾಸನ ನೆನಪಾಯಿತು. ದೇಶದ ತುಂಬಾ ಬಂಡೆಗಳ ಮೇಲೆ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದು ಮಾತ್ರ ಇತ್ತು. ಆ ರಾಜ ಅಶೋಕನೇ ಎಂದು ಹೆಸರು ಸಮೇತ ಹೇಳಿದ್ದು 1915ರಲ್ಲಿ ಸಿಕ್ಕ ಮಸ್ಕಿಯ ಬಂಡೆ. ಯೊಕೊಯಿ ಅವರದೂ ಹಂಗ. ಕೂಡಿಸುವ ಚಿಹ್ನೆಯ ಗುಂಡಿ ಜಗತ್ತಿನ ತುಂಬಾ ಐತಿ, ಹೆಸರು ಮಾತ್ರ ಹುಡುಕಬೇಕು. 2003ರಲ್ಲಿ ಆಟ ತಯಾರಕರ ಸಂಘ ಅವರಿಗೆ ಮರಣೋತ್ತರವಾಗಿ ಜೀವಮಾನ ಸಾಧನೆಯ ಗೌರವ ಕೊಟ್ಟಿತು. 2004ರಲ್ಲಿ ನಿಂಟೆಂಡೋ ತಂದ ಡಿಎಸ್ ಎಂಬ ಯಂತ್ರ ನೋಡಿದರೆ ಎರಡು ಪರದೆ, ಪೌಡರ್ ಡಬ್ಬಿಯ ಹಾಗೆ ಮಡಚುವುದು. 1982ರ ಗೇಮ್ ಅಂಡ್ ವಾಚ್‌ನ ಮೊಮ್ಮಗ. ಅದು 15 ಕೋಟಿಗೂ ಹೆಚ್ಚು ಮಾರಾಟವಾಯಿತು.

ಇನ್ನು ಮೊದಲೇ ಹೇಳಿದ ಕೆಲಸ. ನಮ್ಮ ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ 5 ಕಂಪ್ಯೂಟರ್ ಹೊದಿಕೆ ಹಾಕಿ ಇಟ್ಟಿದ್ದಾರೆ. ಹಳೇವಾಗ್ಯಾವ, ಹೊಸಾವು ಬರ್ಲಿ ಅಂತ ಕಾಯ್ತಾ ಇದ್ದೀವಿ. ಗೇಮ್ ಬಾಯ್ ಚಿಪ್ಪಿನ ವೇಗ ಸುಮಾರು 4 ಮೆಗಾಹರ್ಟ್ಸ್. ಹೊದಿಕೆಯ ಕೆಳಗಿನವು ಎಷ್ಟು ಹಳೆಯವಾದರೂ ಅದಕ್ಕಿಂತ ನೂರಾರು ಪಟ್ಟು ವೇಗದವು. ಗೇಮ್ ಬಾಯ್‌ಗೆ ಇವತ್ತಿಗೂ ಹೊಸ ಆಟ ಮಾಡುವವರು ಇದ್ದಾರೆ, ಅದಕ್ಕೆ ಬೇಕಾದ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಐದರಲ್ಲಿ ಎರಡಾದರೂ ಎದ್ದರೆ ನಮ್ಮೂರ ಗುಡಿ, ಕಾಲುವೆ, ಭತ್ತದ ಗದ್ದೆ ಇಟ್ಟು ಜಿಗಿಯುವ ಒಂದು ಆಟ ನಾವೇ ಮಾಡಬಹುದು. ಚಿತ್ರಗಳನ್ನು ಚೌಕುಳಿ ನೋಟ್‌ಬುಕ್ಕಿನಲ್ಲಿ ಈಗಲೇ ಶುರು ಮಾಡಬಹುದು, ಅದಕ್ಕೆ ಕರೆಂಟೂ ಬೇಕಾಗಿಲ್ಲ. ಮುಖ್ಯ ಗುರುಗಳು ಒಪ್ಪಿದರೆ ಮುಂದಿನ ಶನಿವಾರ ಮಾಮಾ ಬಂದು ಕಂಪ್ಯೂಟರ್ ಬಿಚ್ಚಿ ನೋಡುತ್ತೇನೆ ಎಂದಿದ್ದಾರೆ, ಕೂಲಿ ಬೇಡವಂತೆ, ಚಹಾ ಸಾಕಂತೆ. ಗೇಮ್ ಬಾಯನ್ನೂ ತರುತ್ತಾರೆ. ನೋಡಬೇಕಾದವರು ಶಾಲೆ ಬಿಟ್ಟ ಮೇಲೆ ನಿಲ್ಲಿರಿ, ಒಬ್ಬರಿಗೆ ಒಂದು ಹಂತ ಮಾತ್ರ. ಸೆಲ್ 4 ಬೇಕು. ಟಾರ್ಚಿನ ದೊಡ್ಡವಲ್ಲ, ಗೋಡೆ ಗಡಿಯಾರಕ್ಕೆ ಹಾಕುವಂಥವು.